ವೈರ್ ಇಲ್ಲದೆ ಸೇರಿಸಿದ ಎರಡು ಕಾರ್ಖಾನೆಗಳು

ತಮಿಳುನಾಡಿನ ಕೃಷ್ಣಗಿರಿ ಬೇರೆ ಜಿಲ್ಲೆಯಾಗಿ ಎರಡು ಮೂರು ವರ್ಷ ಕಳೆದಿತ್ತು. ನಾನು ಹೊಸೂರಿನಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಕೋಲಾರದ ಕಡೆಯಿಂದ ಬಂದು ಹೊಸೂರಿನ ಪಕ್ಕದ ಮೂಕಂಡಪಲ್ಲಿಯಲ್ಲಿ ನೆಲೆಸಿದ ಮನೆತನ ನಮ್ಮದು. ಅಪ್ಪ ಬೇರೊಂದು ಕಡೆ ಲೇತ್ ನಡೆಸುತ್ತಿದ್ದರು. ನಮ್ಮ ಕಾರ್ಖಾನೆಯಲ್ಲಿ ನೆಟ್‌ವರ್ಕ್ ಬಲ್ಲವಳು ನಾನೊಬ್ಬಳೇ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ ಎಂಬುದರಲ್ಲಿ ನನಗಂತೂ ಅನುಮಾನವಿರಲಿಲ್ಲ.

ಆ ವರ್ಷ ಕೃಷ್ಣಗಿರಿಯ ಹತ್ತಿರ ನಮ್ಮ ಎರಡನೇ ಘಟಕ ಶುರುವಾಯಿತು. ಎರಡೂ ಕಡೆಯ ಕಂಪ್ಯೂಟರ್‌ಗಳನ್ನು ಒಂದೇ ಜಾಲವಾಗಿ ಸೇರಿಸಲು ಹೊರಗಿನ ಇಂಜಿನಿಯರ್ ಒಬ್ಬರನ್ನು ಕರೆಸಿದ್ದರು. ಅವರ ನಕ್ಷೆ ನೋಡಿದ ಕೂಡಲೇ ತಪ್ಪು ಕಣ್ಣಿಗೆ ಬಿತ್ತು. ನಮ್ಮ ಕಂಪ್ಯೂಟರ್‌ಗಳಿಗಿದ್ದ ವಿಳಾಸದ ಸಂಖ್ಯೆಗಳನ್ನೇ ಅಲ್ಲಿನವಕ್ಕೂ ಕೊಟ್ಟಿದ್ದರು. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರು ಬರೆದ ಹಾಗೆ.

ಹೇಳಿದೆ. “ಜೋಡಿಸಿದ ಮೇಲೆ ನೋಡ್ಕೊಳ್ಳೋಣ ಮೇಡಂ” ಎಂದು ಇಂಜಿನಿಯರ್ ನಕ್ಕರು.

ನಮ್ಮ ಮ್ಯಾನೇಜರ್ ತಮಿಳಿನವರು, ಮಾತು ಕಡಿಮೆ. ಪರೀಕ್ಷೆಗೆಂದು ಒಂದು ಗಂಟೆಯೂ ಉತ್ಪಾದನೆ ನಿಲ್ಲಿಸಲು ಅವರು ತಯಾರಿರಲಿಲ್ಲ.

“ನಿಲ್ಸೋದು ಬೇಡ ಸರ್. ಒಂದು ಹಳೇ ಕಂಪ್ಯೂಟರ್ ಕೊಡಿ, ಎರಡು ಘಟಕಾನೂ ಅದರೊಳಗೇ ಸೇರಿಸಿ ತೋರಿಸ್ತೀನಿ” ಎಂದೆ.

“ಕಾಟ್ಟುಮ್ಮಾ, ಪಾಕ್ಕಲಾಂ” ಎಂದರು. ತೋರಿಸು, ನೋಡೋಣ ಎಂದು.

ಕಂಪ್ಯೂಟರ್ ಸಿಕ್ಕಿದ್ದು ಸ್ಟೋರಿನಲ್ಲಿ. ಅಲ್ಲಿನ ಸ್ಟೋರ್‌ಕೀಪರ್ ಅಂಚೆಟ್ಟಿ ಕಡೆಯ ಬೇಸಾಯಗಾರರ ಮನೆಯವರು, ನಿವೃತ್ತಿಗೆ ಹತ್ತಿರವಾಗಿದ್ದರು. ಬೇರಿಂಗ್ ಡಬ್ಬಗಳ ನಡುವೆ ಮೇಜೊಂದನ್ನು ತೆರವು ಮಾಡಿಕೊಟ್ಟರು. ನಾನು ಲಿನಕ್ಸ್ ಹಾಕಿ ಅದರೊಳಗೆ ಮೂರು ವರ್ಚುವಲ್, ಅಂದರೆ ತಂತ್ರಾಂಶದಲ್ಲಷ್ಟೇ ಇರುವ, ಕಂಪ್ಯೂಟರ್‌ಗಳನ್ನು ಎಬ್ಬಿಸಿದೆ. ಒಂದು ಹೊಸೂರು, ಒಂದು ಕೃಷ್ಣಗಿರಿ, ಇನ್ನೊಂದು ನಮ್ಮ ಕಚೇರಿ. ನಂತರ ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿ, ಪ್ರತಿಯೊಂದಕ್ಕೂ ಒಂದು ವರ್ಚುವಲ್ ನೆಟ್‌ವರ್ಕ್ ಕಾರ್ಡು ಸೃಷ್ಟಿಸಿ, ಮೂರನ್ನೂ ಸೇರಿಸಲು ಒಂದು ಬ್ರಿಡ್ಜ್ ಕಟ್ಟಿದೆ. ಕಂಪ್ಯೂಟರ್‌ಗಳ ವೈರುಗಳನ್ನು ಕೂಡಿಸುವ, ಕೈಯಲ್ಲಿ ಹಿಡಿಯಬಹುದಾದ ನೆಟ್‌ವರ್ಕ್ ಸ್ವಿಚ್ ಮಾಡುವ ಕೆಲಸವನ್ನೇ ಅದು ಮೆಮೊರಿಯೊಳಗೆ ಮಾಡುತ್ತದೆ.

ಆದರೆ ಒಂದು ಕಂಪ್ಯೂಟರ್ ಕರೆದರೆ ಇನ್ನೊಂದು ಓಗೊಡಲಿಲ್ಲ. ಒಂದೂವರೆ ದಿನ ಅದೇ ಕತೆ. ಇಂಜಿನಿಯರ್ ಸ್ಟೋರಿಗೆ ಬಂದು ಇಣುಕಿ, ಗಡಿಯಾರ ನೋಡಿಕೊಂಡು ಹೋದರು. ಅದು ನನಗೆ ನಾಟಿತು.

ಸ್ಟೋರ್‌ಕೀಪರ್ ಕುರ್ಚಿ ಎಳೆದುಕೊಂಡು ಕೂತರು. “ವೈರೇ ಕಾಣಾಕಿಲ್ವಲ್ಲವ್ವಾ. ಅದೆಂಗ್ ಸೇರುಸ್ತೀಯ, ಒಸಿ ನಂಗೂ ಯೋಳು.”

“ಕಾರ್ಡು ಮಾಡಿದೆ. ಬ್ರಿಡ್ಜ್ ಮಾಡಿದೆ. ಕಾರ್ಡನ್ನ ಬ್ರಿಡ್ಜಿಗೆ ಸೇರಿಸಿದೆ. ಮೂರು ಕಾರ್ಡನ್ನೂ ಆನ್ ಮಾಡಿದೆ.”

“ಆ ಬ್ರಿಡ್ಜ್‌ನ?”

ನಾನು ಟೈಪ್ ಮಾಡಿದ್ದ ಸಾಲುಗಳನ್ನು ಪರದೆಯ ಮೇಲೆ ಮತ್ತೆ ಓದಿದೆ. ಬ್ರಿಡ್ಜನ್ನು ಕಟ್ಟಿದ್ದೆನೇ ಹೊರತು ಅದನ್ನು ಚಾಲೂ ಮಾಡಿರಲಿಲ್ಲ. ಒಂದು ಸಾಲು ಟೈಪ್ ಮಾಡಿದೆ. ಪರದೆಯ ಮೇಲೆ ಉತ್ತರಗಳು ಒಂದರ ಕೆಳಗೊಂದು ಇಳಿಯತೊಡಗಿದವು.

“ಬಂತಾ?”

“ಬಂತು, ನಿಮ್ಮಿಂದ.”

“ನಂಗೇನ್ ಗೊತ್ತಾತದೆ, ಸುಮ್ಕೆ ಕೇಳ್ದೆ ಅಷ್ಟೇಯ” ಎಂದು ಎದ್ದು ಹೋಗಿ ಚೀಟಿ ಹಿಡಿದು ನಿಂತಿದ್ದ ಕೆಲಸಗಾರನಿಗೆ ಬೋಲ್ಟು ಎಣಿಸಿಕೊಟ್ಟರು.

ಮರುದಿನ ಬೆಳಿಗ್ಗೆ ಮ್ಯಾನೇಜರನ್ನೂ ಇಂಜಿನಿಯರನ್ನೂ ಸ್ಟೋರಿಗೆ ಕರೆದೆ. ನಕ್ಷೆಯಲ್ಲಿದ್ದಂತೆಯೇ ಎರಡು ಘಟಕಗಳಿಗೂ ಒಂದೇ ವಿಳಾಸ ಕೊಟ್ಟು, ಕಚೇರಿಯಿಂದ ಕೃಷ್ಣಗಿರಿಗೆ ಒಂದು ಆರ್ಡರ್ ಕಳಿಸಿದೆ. ಅದು ಹೊಸೂರಿಗೆ ಹೋಗಿ ಕೂತಿತು. ಇನ್ನೊಮ್ಮೆ ಕಳಿಸಿದಾಗ ಕೃಷ್ಣಗಿರಿಗೆ ಹೋಯಿತು. ಆಮೇಲೆ ಕೃಷ್ಣಗಿರಿಯ ವಿಳಾಸ ಬದಲಿಸಿದೆ. ಹತ್ತು ಸಲ ಕಳಿಸಿದರೆ ಹತ್ತು ಸಲವೂ ಸರಿಯಾದ ಕಡೆಗೇ ಹೋಯಿತು.

ಮ್ಯಾನೇಜರ್ ಇಂಜಿನಿಯರ್ ಕಡೆ ತಿರುಗಿದರು. “ನಂಬರ್ ಎಲ್ಲಾಂ ಮಾತ್ತಿಡುಂಗ.”

ಎಲ್ಲ ಸಂಖ್ಯೆಗಳನ್ನೂ ಬದಲಾಯಿಸಲು ಇಂಜಿನಿಯರಿಗೆ ಮೂರು ದಿನ ಹಿಡಿಯಿತು. ಜೋಡಣೆಯ ದಿನ ನಾನು ಕೃಷ್ಣಗಿರಿಯಲ್ಲಿದ್ದೆ, ಅವರು ಹೊಸೂರಿನಲ್ಲಿ. ಮೊದಲ ಆರ್ಡರ್ ನನ್ನ ಮುಂದಿನ ಪ್ರಿಂಟರಿನಲ್ಲಿ ಬಂದಾಗ ಅವರೇ ಫೋನ್ ಮಾಡಿದರು.

“ಮೇಡಂ, ಬಂತಲ್ಲ?”

“ಬಂತು.”

“ಆವತ್ತು ಸ್ಟೋರಲ್ಲಿ ಟೈಪ್ ಮಾಡಿದ್ರಲ್ಲ, ಆ ಕಮಾಂಡ್‌ಗಳನ್ನ ಒಂದು ಹಾಳೇಲಿ ಬರೆದುಕೊಡ್ತೀರಾ?” ಎಂದರು.

ಬರೆದುಕೊಟ್ಟೆ. ಬ್ರಿಡ್ಜ್ ಚಾಲೂ ಮಾಡುವ ಸಾಲನ್ನೂ ಬಿಡಲಿಲ್ಲ.