ಮಾಳಿಗೆ ಹತ್ತದ ಹುಸೇನಸಾಬರು

ಹುಸೇನಸಾಬರು ಯಾರ ಜೊತೆ ಮಾತಿಗೆ ನಿಂತರೂ ಮೊದಲು ಒಂದು ಚಿಟಿಕೆ ಮಣ್ಣು ಎತ್ತಿ ಬಿಡುತ್ತಿದ್ದರು. ಅದು ಹಾರಿದ ದಿಕ್ಕಿಗೆ ನಾಲ್ಕು ಹೆಜ್ಜೆ ಸರಿದು, ಗಾಳಿ ನಮ್ಮಿಂದ ತಮ್ಮ ಕಡೆ ಬೀಸುವುದು ಖಾತ್ರಿಯಾದ ಮೇಲೆಯೇ "ಹಾಂ, ಹೇಳ್ರಿ ಅಕ್ಕಾರ" ಎನ್ನುತ್ತಿದ್ದರು.

ಈ ಚಾಳಿ ಹತ್ತಿಸಿದವಳು ನಾನೇ. ಹೊಗೆ, ಧೂಳುಗಳನ್ನು ಗಾಳಿ ಎಷ್ಟು ದೂರ ಒಯ್ಯುತ್ತದೆಂದು ತಿಳಿಯುವ ಕೆಲಸ ನಮ್ಮದು. ಜೀಪಿನ ಚಾಲಕರಾದ ಅವರು ಮಹಾಕೂಟದ ಹತ್ತಿರ ಸಿಲಿಂಡರ್ ತಿರುವಿ, ಬಣ್ಣವಿಲ್ಲದ, ವಾಸನೆಯಿಲ್ಲದ, ಯಾರಿಗೂ ಹಾನಿ ಮಾಡದ ಒಂದು ಅನಿಲ ಬಿಡುತ್ತಿದ್ದರು. ನಾನು ಇಳಕಲ್ಲಿನ ಮಾಳಿಗೆಯೊಂದರ ಮೇಲೆ ಯಂತ್ರವಿಟ್ಟು ತಾಸಿಗೊಂದು ಚೀಲದಲ್ಲಿ ಗಾಳಿ ಹಿಡಿದು, ಆ ಅನಿಲ ಅಲ್ಲಿಗೆ ಮುಟ್ಟಿತೇ ಎಂದು ಪರೀಕ್ಷೆಗೆ ಕಳಿಸುತ್ತಿದ್ದೆ. ಮೊದಲ ಸಲ ಅವರು ಪ್ರೀತಿಯಿಂದ ಬಿಸಿ ಮಿರ್ಚಿಭಜಿ ಕಟ್ಟಿಸಿಕೊಂಡು ಸೀದಾ ಮಾಳಿಗೆ ಹತ್ತಿಬಿಟ್ಟರು. ಅಂಗಿಗೆ ಅಂಟಿಬಂದ ಅನಿಲವೂ ಸೇರಿ, ಗಾಳಿ ತಂದದ್ದೆಷ್ಟೆಂದು ತಿಳಿಯದೆ ಚೀಲ ಕೆಟ್ಟಿತು. ನಮ್ಮಪ್ಪನ ವಯಸ್ಸಿನವರನ್ನು ನಾಲ್ಕು ಜನರೆದುರು ಬಯ್ದೆ. "ತಪ್ಪಾತ್ರಿ" ಎಂದಷ್ಟೇ ಹೇಳಿ ಇಳಿದರು. ಅಂದಿನಿಂದ ಆ ಮೆಟ್ಟಿಲು ತುಳಿಯುತ್ತಿರಲಿಲ್ಲ.

ಆಮೇಲೆ ಕೊನೆಯ ಸಿಲಿಂಡರಿನ ದಿನ ಬಂತು. ಈ ಸಲವೂ ಅನಿಲ ಸಿಗದಿದ್ದರೆ ಕೆಲಸವನ್ನೇ ಮುಚ್ಚುವುದಾಗಿ ಮೇಲಿನವರು ಹೇಳಿದ್ದರು. ಮುಚ್ಚಿದರೆ ಇಬ್ಬರ ಅನ್ನವೂ ಹೋಗುತ್ತಿತ್ತು. ಅದು ಮುಟ್ಟಬೇಕಾದ ತಾಸಿಗೇ, ಚೀಲ ತುಂಬುತ್ತಿರುವಾಗ, ಕಲ್ಲಿನ ಸಂದಿಯ ಕೆಂಪು ಚೇಳು ನನ್ನ ಕೈಗೆ ಕುಟುಕಿತು. ಮೈಯೆಲ್ಲ ಬೆವರು, ಎದೆ ಬಿಗಿ. ಒಬ್ಬಳೇ ಇದ್ದೆ. ಅನಿಲ ಬಿಟ್ಟು ಬಂದು ಊರಾಚೆ ಜೀಪಿನಲ್ಲಿ ಕಾಯುತ್ತಿದ್ದ ಹುಸೇನಸಾಬರಿಗೆ ಫೋನು ಮಾಡಿದೆ. ಬಂದವರು ಮೆಟ್ಟಿಲ ಬುಡದಲ್ಲಿ ಗಕ್ಕನೆ ನಿಂತರು.

"ಮ್ಯಾಲೆ ಬರಬ್ಯಾಡ್ರಿ ಕಾಕಾ, ಚೀಲ ಕೆಡ್ತದ!" ಎಂದು ಚೀರಿದೆ, ಹುಚ್ಚಿ.

"ಸುಡ್ರಿ ಆ ಚೀಲಾ! ನಿಮ್ಮ ಅವ್ವಗ ನಾ ಏನ್ ಹೇಳ್ಲಿ?" ಎನ್ನುತ್ತ ಹತ್ತಿಬಂದು, ನನ್ನನ್ನು ಎತ್ತಿಕೊಂಡು ದವಾಖಾನೆಗೆ ಜೀಪು ಓಡಿಸಿದರು.

ಬದುಕಿಕೊಂಡೆ. ವಾರದ ಮೇಲೆ, ಪರೀಕ್ಷೆಗೆ ಕಳಿಸಿದ್ದ ಆ ಚೀಲದಲ್ಲಿ ಅನಿಲ ಸಿಕ್ಕಿತೆಂದು ಎಲ್ಲರೂ ಸಂಭ್ರಮಪಟ್ಟರು. ಹುಸೇನಸಾಬರು ಮೇಲೆ ಬಂದದ್ದು ಗೊತ್ತಿದ್ದವರು ನಾವಿಬ್ಬರೇ. ನಾನು ಬಾಯಿ ಬಿಡಲಿಲ್ಲ, ಈಗ ಅದನ್ನು ಹೇಳಲು ನಾಚಿಕೆಯಾಗುತ್ತದೆ.

"ಹುಸೇನಸಾಬ ಮ್ಯಾಲೆ ಹತ್ತಿದ್ದ ಅಂತ ಬರದ್ ಬಿಡ್ರಿ" ಎಂದರು ಅವರೇ.

"ನಿಮ್ಮ ಕೆಲಸಾನೂ ಹೋಗ್ತದ ಕಾಕಾ."

"ಭಜಿ ತಂದಾಗ ಕೆಟ್ಟ ಚೀಲಾ, ನಿಮ್ಮನ್ನ ಎತ್ತಾಕ ಬಂದಾಗ ಕೆಡಂಗಿಲ್ಲೇನ್ರಿ?"

ಬರೆದೆ. ಕೆಲಸ ಮುಚ್ಚಿತು.

ಅವರನ್ನು ನಾನು ಕೊನೆಯದಾಗಿ ನೋಡಿದ್ದು ಮಾಳಿಗೆಯ ಯಂತ್ರ ಬಿಚ್ಚುತ್ತಿದ್ದ ದಿನ. ಮೆಟ್ಟಿಲಲ್ಲಿ ಸಪ್ಪಳವಾಯಿತು. ಎಣ್ಣೆ ಹೀರಿದ ಕಾಗದದ ಪೊಟ್ಟಣ ಹಿಡಿದು, ಕೊನೆಯ ಮೆಟ್ಟಿಲ ಮೇಲೆಯೇ ನಿಂತು ಹುಸೇನಸಾಬರು ಕೇಳಿದರು:

"ಈಗ ಬರಬಹುದಲ್ರಿ, ಅಕ್ಕಾರ?"