ಕೈಮಾತು ಪೂರ್ತಿ ಬಂದ ದಿನ

ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ಚಿಕ್ಕಂದಿನಲ್ಲಿ ನಾವಿಬ್ಬರೂ ಸೇರಿ ಕೈಯಲ್ಲೇ ಒಂದು ಭಾಷೆ ಮಾಡಿಕೊಂಡಿದ್ದೆವು. ಅದು ನಮ್ಮ ಅವ್ವನಿಗೂ ಅರ್ಧಂಬರ್ಧ ಮಾತ್ರ ತಿಳಿಯುತ್ತಿತ್ತು. ಅಕ್ಕನನ್ನು ಹಾಲಹರವಿ ಕಡೆಯ ಹಳ್ಳಿಗೆ ಕೊಟ್ಟರು. ನಾನು ಮದುವೆಯಾಗಿ ಆದೋನಿ ಸೇರಿದೆ.

ಬೇರೆ ಅಕ್ಕ ತಂಗಿಯರು ಫೋನಿನಲ್ಲಿ ಮಾತಾಡಿಕೊಳ್ಳುತ್ತಾರೆ. ನಮಗೆ ವಿಡಿಯೋ ಕಾಲ್ ಒಂದೇ ದಾರಿ. ಆದರೆ ಅವರ ಮನೆಯಲ್ಲಿ ಸಿಗ್ನಲ್ ಮಾಳಿಗೆ ಹತ್ತಿದರೆ ಉಂಟು, ಇಳಿದರೆ ಇಲ್ಲ. ಚಿತ್ರ ನಡುವೆಯೇ ನಿಂತುಬಿಡುತ್ತಿತ್ತು. ಬಾಯಿ ಮಾತಿನಲ್ಲಿ ಒಂದೆರಡು ಪದ ತಪ್ಪಿದರೂ ಊಹಿಸಬಹುದು, ಕೈ ಅರ್ಧಕ್ಕೆ ನಿಂತರೆ ಏನು ಊಹಿಸುವುದು? ಒಮ್ಮೆ ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ದೊಡ್ಡದು ಮಾಡಿದ್ದಳು. ಅಲ್ಲಿಗೇ ಚಿತ್ರ ನಿಂತಿತು. ಏನೋ ಆಗಿದೆಯೆಂದು ನಾನು ಸಿಕ್ಕ ಬಸ್ಸು ಹತ್ತಿ ಓಡಿದೆ. ಹೋಗಿ ನೋಡಿದರೆ ಅಕ್ಕ ಹಿತ್ತಲಲ್ಲಿ ನಗುತ್ತ ನಿಂತಿದ್ದಾಳೆ. ಆಡು ಎರಡು ಮರಿ ಹಾಕಿತ್ತಂತೆ!

ಸಿಟ್ಟೂ ಬಂತು, ಅಳುವೂ ಬಂತು. ಮುಂದಿನ ಸಲ ಹೋಗುವಾಗ ನಮ್ಮ ಮನೆಯಲ್ಲಿದ್ದ ಹಳೆಯ ವೈಫೈ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ನೆಟ್ ಬರುವುದೇ ಆ ಡಬ್ಬಿಯಿಂದ ಎಂದುಕೊಂಡಿದ್ದೆ. ಪ್ಲಗ್ ಹಾಕಿದೆವು, ದೀಪಗಳು ಮಿನುಗಿದವು. ಅಕ್ಕನ ಫೋನಿನಲ್ಲಿ ವೈಫೈ ಗುರುತು ತುಂಬಿಕೊಂಡಿತು. ಅವಳ ಮುಖ ಅರಳಿತು. ಕಾಲ್ ಮಾಡಿದರೆ ಚಕ್ರ ತಿರುಗಿದ್ದೇ ತಿರುಗಿದ್ದು. ಅವಳು ಪ್ಲಗ್ ಕಿತ್ತು, ಡಬ್ಬಿ ಒರೆಸಿ ನನ್ನ ಚೀಲದಲ್ಲಿಟ್ಟಳು.

ಆದೋನಿಯ ನೆಟ್ ಆಫೀಸಿನಲ್ಲಿ ವಿಚಾರಿಸಿದೆ. ಅಲ್ಲಿದ್ದವನು ನನ್ನ ಕತೆ ಕೇಳಿ ನಕ್ಕ.

"ಅದು ಮನಿ ಒಳಗ ಹಂಚೋ ಡಬ್ಬಿ ಅಲ್ಲೇನ್ರಿ ಮೇಡಂ. ಟ್ಯಾಂಕಿಗೆ ನೀರೇ ಬರ್ಲಿಲ್ಲಂದ್ರ ನಲ್ಲಿ ತಿರುವಿ ಏನ್ ಮಾಡ್ತೀರಿ? ನಿಮ್ಮ ಮನಿಗೆ ತಂತಿ ಬಂದೈತಿ. ಆ ಊರಿಗೆ ತಂತಿ ಇಲ್ಲ, ಟವರಿಂದ ಗಾಳಿ ಮ್ಯಾಲೆ ತರಬೇಕು."

"ವೈಫೈನೂ ಗಾಳಿ ಮ್ಯಾಲೇ ಬರ್ತೈತಲ್ಲರಿ?"

"ಬರ್ತೈತಿ. ಮನ್ಯಾಗಿನ ಎರಡು ಗ್ವಾಡಿ ದಾಟೋದ್ರಾಗ ಸುಸ್ತಾಗ್ತೈತಿ. ಟವರಿಂದು ಊರಿಂದ ಊರಿಗೆ ಹೋಗ್ತೈತಿ. ಆದ್ರ ಮಾಳಿಗಿ ಮ್ಯಾಲೆ ಒಂದು ಡಿಶ್ ಕಟ್ಟಬೇಕು, ಅದು ಟವರಿಗೆ ನೇರ ಮುಖ ಮಾಡಿರಬೇಕು, ನಡುವ ಏನೂ ಅಡ್ಡ ಇರಬಾರ್ದು."

ಹೇಳಿದ ದಿನ ನಾನು ಅಕ್ಕನ ಮನೆಗೆ ಹೋದೆ, ಅವನೇ ಬಂದ. ಮಾಳಿಗೆಯ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ, ಊಟದ ತಟ್ಟೆಯಷ್ಟು ದೊಡ್ಡ ಡಿಶ್ ಕಟ್ಟಿದ. ಅವನು ಮೇಲೆ ತಿರುಗಿಸಬೇಕು, ನಾನು ಪಡಸಾಲೆಯಲ್ಲಿ ಅವನ ಲ್ಯಾಪ್‌ಟಾಪ್ ನೋಡಿ ಸಿಗ್ನಲ್ ಏರಿತೋ ಇಳಿಯಿತೋ ಹೇಳಬೇಕು. ಪಕ್ಕದಲ್ಲೇ ಹಿಟ್ಟಿನ ಗಿರಣಿ. ಅದರ ಗದ್ದಲದಲ್ಲಿ ಅವನ ಕೂಗು ನನಗೆ ಕೇಳದು, ನನ್ನದು ಅವನಿಗೆ ಕೇಳದು.

ಅಕ್ಕ ಅಂಗಳಕ್ಕೆ ಹೋಗಿ, ನಾವಿಬ್ಬರೂ ಕಾಣುವ ಕಡೆ ನಿಂತಳು. ನಾನು ಅಂಗೈ ಮೇಲೆತ್ತಿದರೆ ಅವಳೂ ಎತ್ತುವಳು, ನಾನು ಇಳಿಸಿದರೆ ಇಳಿಸುವಳು. ಸ್ವಲ್ಪ ಹೊತ್ತಿಗೆ ಅವನು ಕೂಗುವುದನ್ನೇ ಬಿಟ್ಟು ಅವಳ ಕೈಯನ್ನೇ ನೋಡುತ್ತ ಡಿಶ್ ತಿರುಗಿಸತೊಡಗಿದ. ಕೊನೆಗೆ ಅಕ್ಕ ಎರಡೂ ಕೈ ಎತ್ತಿ ನಿಲ್ಲಿಸೆಂದಳು. ಅವನು ಅಲ್ಲಿಗೇ ಬೋಲ್ಟು ಬಿಗಿದ. ಡಿಶ್‌ನಿಂದ ಇಳಿಸಿದ್ದ ವೈರನ್ನು ಲ್ಯಾಪ್‌ಟಾಪಿನಿಂದ ಬಿಡಿಸಿ, ನಾನು ಮತ್ತೆ ತಂದಿದ್ದ ಹಳೆಯ ಡಬ್ಬಿಗೇ ಜೋಡಿಸಿದ.

ಅಂದು ಸಂಜೆ ಆದೋನಿಗೆ ಬಂದು ಕಾಲ್ ಮಾಡಿದೆ. ಅಕ್ಕ ಪಡಸಾಲೆಯಲ್ಲೇ ಕೂತಿದ್ದಳು. ಅವಳ ಬೆರಳು, ಹುಬ್ಬು, ತುಟಿ ಎಲ್ಲವೂ ತಡೆಯಿಲ್ಲದೆ ಬಂದವು. ಮರಿಗಳ ತುಂಟತನ, ಓರಗಿತ್ತಿಯ ಹೊಸ ಸೀರೆ, ಬಸ್ಸಿನಲ್ಲಿ ಯಾರೋ ಮಾಡಿದ ಜಗಳ, ಎಷ್ಟೋ ದಿನದಿಂದ ಒಳಗೆ ತುಂಬಿಕೊಂಡಿದ್ದನ್ನೆಲ್ಲ ಸುರಿದಳು. ಪಕ್ಕದಲ್ಲಿ ಅವಳ ಅತ್ತೆ ಬಾಯಿ ತೆರೆದು ನೋಡುತ್ತಿದ್ದಳು.

"ಏನವ್ವಾ, ಈಕಿ ಇಷ್ಟು ಮಾತಾಡ್ತಾಳೇನು? ನಮ್ಮ ಕೂಡ ಬಾ, ಹೋಗು, ಉಣ್ಣು, ಇಷ್ಟ ಆಗಿತ್ತಲ್ಲ!"

ಆಗಲೇ ಅಕ್ಕ ಮೂಗಿನ ಎರಡೂ ಬದಿ ಬೆರಳಿಟ್ಟು ತೋರಿಸಿದಳು. ಅತ್ತೆಗೆ ಎರಡು ಮೂಗುಬೊಟ್ಟು. ಮುದುಕಿ ಥಟ್ಟನೆ ಹಿಡಿದಳು.

"ಅದು ನಾನೇ ಅಲ್ಲೇನು? ಏನಂತಾಳ ನನ್ನ?"

ನಾನು ಹಿಂದೆಮುಂದೆ ನೋಡಿದೆ. ಹೇಳು ಹೇಳು ಎಂದು ಅಕ್ಕನೇ ಸನ್ನೆ ಮಾಡಿದಳು.

"ಹೊಟ್ಟ್ಯಾಗ ಉರೀತೈತಿ ಅಂತೀ, ಮತ್ತ ಕದ್ದು ಕೆಂಪ ಚಟ್ನಿ ತಿಂತೀ ಅಂತಾಳ, ಅತ್ತಿ."

ಮುದುಕಿ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಅಕ್ಕನ ಕಡೆ ತಿರುಗಿ ಕೂತಳು. "ಎಲ್ಲಾ ನೋಡಿಕೋತ ಇದ್ದಾಳಲ್ಲ ಈಕಿ... ನನಗೂ ಜರಾ ಕಲಿಸ್ರೆವ್ವಾ" ಎಂದಳು.

ಜೋರು ಗಾಳಿ ಬೀಸಿದರೆ ಡಿಶ್ ಅಲುಗಿ ಚಿತ್ರ ಈಗಲೂ ಒಡೆಯುತ್ತದೆ. ಅಕ್ಕನೇ ಮಾಳಿಗೆ ಹತ್ತಿ ಸರಿಮಾಡುತ್ತಾಳೆ.

ಮೊನ್ನೆ ಕಾಲ್ ಮಾಡಿದಾಗ ಫೋನ್ ಎತ್ತಿದ್ದು ಅತ್ತೆ. ಅಕ್ಕ ಎಲ್ಲಿ ಎಂದು ಕೇಳಿದೆ. ಅವಳು ಬಾಯಿಬಿಡಲಿಲ್ಲ. ಕುಡುಗೋಲು ಹಿಡಿದಂತೆ ಕೈ ತಿರುಗಿಸಿ, ತಲೆಯ ಮೇಲೆ ಹೊರೆ ಹೊತ್ತಂತೆ ತೋರಿಸಿ, ಹೊಲದ ಕಡೆ ಬೆರಳು ಮಾಡಿದಳು. ನಾನೂ ಕೈಯಲ್ಲೇ, ಅವಳು ಬಂದ ಮೇಲೆ ಕಾಲ್ ಮಾಡುತ್ತೇನೆ ಎಂದು ಹೇಳಿದೆ.