ಸುಬೇದಾರನಿಗೆ ಅಂಟಿದ ಹಣೆಪಟ್ಟಿ

ಹೊಲಿಗೆಯಮ್ಮನಿಗೆ ಸೂಜಿಯ ಕಣ್ಣು ಕಾಣದೆ ವರ್ಷವಾಗುತ್ತ ಬಂದಿತ್ತು. ಬಿಳಿ ಬಟ್ಟೆಗೆ ಬೂದು ನೂಲು ಹಾಕಿ ಹೊಲಿದು ಗಿರಾಕಿಯಿಂದ ಬೈಸಿಕೊಂಡ ಮೇಲೆ ಕಣ್ಣಿನ ಪೊರೆ ತೆಗೆಸಲು ಒಪ್ಪಿದಳು. ಆಸ್ಪತ್ರೆಯವರು ದಿನ ಕೊಟ್ಟರು. ಆದರೆ ಗಂಡ ತೀರಿಕೊಂಡ ಮೇಲೆ ಅವಳ ಮನೆಯಲ್ಲಿದ್ದ ಜೊತೆ ಒಂದೇ, ಸುಬೇದಾರನೆಂಬ ಮುದಿ ನಾಯಿ. ಅವನನ್ನು ಎಲ್ಲಿ ಬಿಡುವುದು? ತಂಗಿಯ ಮಗಳಿರುವುದು ಹಾಸ್ಟೆಲಿನಲ್ಲಿ. ಉಳಿದದ್ದು ಪೇಟೆಯ ತುದಿಯಲ್ಲಿ ದುಡ್ಡಿಗೆ ನಾಯಿ ಇಟ್ಟುಕೊಳ್ಳುವ ವಸತಿ.

ಅಲ್ಲಿಯ ಗುಮಾಸ್ತ ಕಂಪ್ಯೂಟರ್ ನೋಡಿ ಅಡ್ಡಡ್ಡ ತಲೆಯಾಡಿಸಿದ. "ಆಗಲ್ಲಮ್ಮ. ಇದು ಕಚ್ಚೋ ನಾಯಿ."

"ಯಾರಪ್ಪ ಹೇಳಿದ್ದು?"

"ನೀವೇ. ಇದರ ಪ್ರೊಫೈಲಿನಲ್ಲಿದೆ."

ಆಗ ನೆನಪಾಯಿತು. ಹಿಂದೊಮ್ಮೆ ತಂಗಿಯ ಮಗಳು ಮೊಬೈಲ್ ಹಿಡಿದು ಕೂತು, ಸಾಕುನಾಯಿಗಳ ಆ್ಯಪೊಂದರಲ್ಲಿ ಸುಬೇದಾರನ ತಳಿ, ಬಣ್ಣ, ಲಸಿಕೆ ಎಲ್ಲ ತುಂಬಿಸಿದ್ದಳು. "ಒಂದ್ಸಲ ಬರೆದ್ರೆ ಸಾಕು ದೊಡ್ಡಮ್ಮ, ಎಲ್ಲರ ಕಂಪ್ಯೂಟರೂ ತಾನೇ ಓದ್ಕೊಳುತ್ತೆ" ಎಂದಿದ್ದಳು. ಆಮೇಲೆ, "ಕಚ್ಚುತ್ತಾ?" ಎಂದು ಕೇಳಿದ್ದಳು. ಹೊಲಿಗೆಯಮ್ಮ ಕತ್ತರಿಯಿಂದ ತಲೆ ಎತ್ತದೆ, "ಕಳ್ಳ ಬಂದ್ರೆ ಕಚ್ಚದೆ ಮುತ್ತು ಕೊಡುತ್ತಾ?" ಎಂದಿದ್ದಳು. ಕಳ್ಳನಿಗೆ ಆ ಪ್ರೊಫೈಲಿನಲ್ಲಿ ಜಾಗವಿರಲಿಲ್ಲ. ಹೌದು, ಇಲ್ಲ, ಎರಡೇ. ಹುಡುಗಿ ಹೌದು ಒತ್ತಿದ್ದಳು.

ಆ ಸಂಜೆಯೇ ಅದನ್ನು ತಿದ್ದಿಸಿ ಮರುದಿನ ಹೋದರೆ ಗುಮಾಸ್ತನ ತಲೆ ಮತ್ತೆ ಅಡ್ಡಡ್ಡ. "ನಿಮ್ಮದನ್ನ ತಿದ್ದಿದೀರಿ, ಸರಿ. ಲಸಿಕೆಯವರು, ವಿಮೆಯವರು ಅಂತ ಇನ್ನೂ ಐದು ಕಡೆ ಕಚ್ಚುತ್ತೆ ಅಂತಾನೇ ಇದೆ. ಐದೂ ಸುಳ್ಳಾ?"

"ಅವೆಲ್ಲ ನನ್ನ ಮಾತನ್ನೇ ಎತ್ತಿಕೊಂಡಿರೋದಲ್ವೇನಪ್ಪ? ಒಂದು ಬಾಯಿಂದ ಹೊರಟಿದ್ದು ಐದು ಕಿವಿಗೆ ಬಿದ್ರೆ ಐದು ಸಾಕ್ಷಿ ಆಗುತ್ತಾ?"

"ನಾನೇನ್ ಮಾಡ್ಲಿ, ಯಂತ್ರ ಬಿಡಲ್ಲ" ಎಂದ. ಹಾಗೆನ್ನುವಾಗ ಅವನ ಕೈ ಸುಬೇದಾರನ ಕಿವಿ ಸವರುತ್ತಿತ್ತು. ಸುಬೇದಾರ ಅವನ ಚಪ್ಪಲಿಯ ಮೇಲೆ ಗಲ್ಲವೂರಿ ಕಣ್ಣು ಮುಚ್ಚಿದ್ದ.

ಹುಡುಗಿ ಐದೂ ಕಡೆಗೆ ಬರೆದಳು. ಒಬ್ಬರು ನಾಯಿ ಡಾಕ್ಟರ ಚೀಟಿ ಕೇಳಿದರು. ಇನ್ನೊಬ್ಬರು, ಮೊದಲು ಉಳಿದವರು ತಿದ್ದಲಿ ಎಂದರು. ಮಿಕ್ಕವರು ತುಟಿಯೇ ಬಿಚ್ಚಲಿಲ್ಲ. ಗೋಡೆಗೆ ತಲೆ ಚಚ್ಚಿಕೊಂಡಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

"ತೋಳು ಬಿಗಿಯಾದ್ರೆ ಹೊಲಿಗೆ ಬಿಚ್ತೀನಿ. ಇದನ್ನ ಯಾವ ದಾರ ಹಿಡಿದು ಬಿಚ್ಲಿ?" ಎಂದು ಗೊಣಗಿದಳು.

ಆಪರೇಷನ್ನಿನ ದಿನ ಹತ್ತಿರ ಬಂತು. ಬೇರೆ ದಾರಿ ಕಾಣದೆ ಆಸ್ಪತ್ರೆಗೆ ಫೋನ್ ಮಾಡಿ, ದಿನ ಮುಂದೆ ಹಾಕಿ ಎಂದಳು. ನರ್ಸು ಕಾರಣ ಕೇಳಿದಳು.

"ನಮ್ಮನೆ ನಾಯಿ ಕಚ್ಚುತ್ತಂತೆ ಕಣಮ್ಮ, ಅದಕ್ಕೆ."

"ನಾಯಿ ಕಚ್ಚಿದೆ... ಬರ್ಕೊಂಡೆ. ಚುಚ್ಚುಮದ್ದು ತಗೊಂಡ್ರಾ?"

ಹೊಲಿಗೆಯಮ್ಮ ಕೂತಲ್ಲಿಂದ ಎದ್ದು ನಿಂತಳು. "ಅಳಿಸಮ್ಮ. ಮೊದಲು ಅದನ್ನ ಅಳಿಸು. ನಾಯಿನ ನೋಡ್ಕೊಳೋಕೆ ಜನ ಇಲ್ಲ. ಅಷ್ಟೇ ಬರ್ಕೋ."

"ಆಯ್ತಜ್ಜಿ. ಇನ್ನು ಖಾಲಿ ಇರೋದು ಮೂರು ತಿಂಗಳ ಮೇಲೆ. ಆಗಬಹುದಾ?"

"ಅದಿರಲಿ, ಏನು ಬರ್ಕೊಂಡೆ? ಒಂದ್ಸಲ ಓದಿ ಹೇಳು."